ಗೇರ್‌ಬಾಕ್ಸಿನ ಕೆಳಗಿನ ರಬ್ಬರ್ ತುಂಡು

ಹಳೆಯ ಜೀಪಿನ ಕೆಳಗೆ ಬಗ್ಗಿ ನೋಡುವ ಅವಕಾಶ ಸಿಕ್ಕರೆ ಒಮ್ಮೆ ನೋಡಿ. ಮುಂದೆ ಎಂಜಿನ್, ಅದರ ಬೆನ್ನಿಗೆ ಕ್ಲಚ್ಚಿನ ಗೂಡು, ಅದಕ್ಕೆ ಬಿಗಿದ ಗೇರ್‌ಬಾಕ್ಸ್, ಅದರ ಹಿಂದೆ ನಾಲ್ಕೂ ಚಕ್ರಗಳಿಗೆ ಶಕ್ತಿಯನ್ನು ಹಂಚುವ ಟ್ರಾನ್ಸ್‌ಫರ್ ಕೇಸ್. ಹೆಚ್ಚು ಕಡಿಮೆ ಎಲ್ಲವೂ ಎರಕದ ಲೋಹ. ಆದರೆ ಈ ಇಡೀ ಭಾರದ ಹಿಂತುದಿ ಕೂತಿರುವುದು ಅಂಗೈಯಗಲದ ಒಂದು ರಬ್ಬರ್ ತುಂಡಿನ ಮೇಲೆ. ಗ್ಯಾರೇಜುಗಳಲ್ಲಿ ಇದನ್ನು ಗೇರ್‌ಬಾಕ್ಸ್ ಮೌಂಟಿಂಗ್ ಎನ್ನುತ್ತಾರೆ. ಫೌಂಡೇಶನ್ ರಬ್ಬರ್ ಎಂದು ಕರೆಯುವವರೂ ಇದ್ದಾರೆ.

ಇಷ್ಟು ಸಣ್ಣ ವಸ್ತುವಿಗೂ ಒಂದು ಇತಿಹಾಸವಿದೆಯೇ ಎಂದು ನೀವು ಕೇಳಬಹುದು. ಇದೆ. ಅದು ಅಮೆಜಾನ್ ಕಾಡಿನಿಂದ ಡೆಟ್ರಾಯಿಟ್‌ವರೆಗೆ, ಎರಡನೆಯ ಮಹಾಯುದ್ಧದಿಂದ ನಮ್ಮ ಸುಳ್ಯದವರೆಗೆ ಹರಡಿಕೊಂಡಿದೆ. ಈ ಇತಿಹಾಸ ತಿಳಿದವನಿಗೆ ಆ ತುಂಡು ಹರಿದಾಗ ಅದನ್ನು ಸರಿಯಾಗಿ ಬದಲಿಸುವುದು ಹೇಗೆಂಬುದೂ ಅರ್ಥವಾಗುತ್ತದೆ. ಅರ್ಥ ಮಾಡಿಕೊಳ್ಳದೆ ಕೈ ಹಾಕಿದರೆ ಗೇರ್‌ಬಾಕ್ಸಿನ ಗೂಡು ಸೀಳಬಹುದು; ಕೆಲವೊಮ್ಮೆ ಕೆಳಗೆ ಮಲಗಿದವನ ಪ್ರಾಣಕ್ಕೇ ಕುತ್ತು ಬರಬಹುದು.

ಮೂರು ಗುಂಡಿನ ಒಲೆ

ಮೊದಲ ಕಾಲದ ಮೋಟಾರು ವಾಹನಗಳಲ್ಲಿ ಎಂಜಿನ್ನನ್ನು ಉಕ್ಕಿನ ಚೌಕಟ್ಟಿಗೆ, ಅಂದರೆ ಚಾಸಿಗೆ, ನೇರವಾಗಿ ಬೋಲ್ಟು ಹಾಕಿ ಬಿಗಿಯುತ್ತಿದ್ದರು. ನುಣುಪಾದ ರಸ್ತೆಯಲ್ಲಿ ಇದರಿಂದ ಶಬ್ದ ಮತ್ತು ನಡುಕ ಬಿಟ್ಟರೆ ಬೇರೆ ತೊಂದರೆಯಿಲ್ಲ. ಹಳ್ಳದಿಣ್ಣೆಗಳಲ್ಲಿ ಮಾತ್ರ ಕಥೆ ಬೇರೆಯಾಗುತ್ತದೆ. ಒಂದು ಚಕ್ರ ಹಳ್ಳಕ್ಕಿಳಿದು ಎದುರು ಮೂಲೆಯ ಚಕ್ರ ದಿಣ್ಣೆ ಹತ್ತಿದಾಗ ಚಾಸಿ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಉಕ್ಕು ಸ್ವಲ್ಪ ತಿರುಚಿ ಮತ್ತೆ ಮೊದಲಿನಂತಾಗಬಲ್ಲದು. ಅದಕ್ಕೆ ಬಿಗಿದ ಎರಕದ ಗೂಡು ಹಾಗೆ ತಿರುಚಲಾರದು. ಅದರ ಕಿವಿಗಳು ಬಿರುಕು ಬಿಡುತ್ತವೆ.

ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಲಾರಿಗಳು ಹುಟ್ಟಿದ್ದೇ ಇಂಥ ನೆಲಕ್ಕಾಗಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಟೊ ಝಾಕೋ ಮತ್ತು ವಿಲಿಯಂ ಬೆಸರ್‌ಡಿಚ್ ಎಂಬ ಇಬ್ಬರು 1908ರ ಸುಮಾರಿಗೆ ಈ ದಿಕ್ಕಿನಲ್ಲಿ ಪ್ರಯೋಗ ನಡೆಸಿದರು. ಅದರಿಂದ ಹುಟ್ಟಿದ ಎಫ್‌ಡಬ್ಲ್ಯುಡಿ ಕಂಪನಿಯ ಲಾರಿಗಳು ಮೊದಲನೆಯ ಮಹಾಯುದ್ಧದ ಕೆಸರಿನಲ್ಲಿ ಸಾವಿರಗಟ್ಟಲೆ ಓಡಿದವು. ಅದೇ ರಾಜ್ಯದ ಕೆನೋಶಾದಲ್ಲಿ 1913ರಲ್ಲಿ ತಯಾರಾದ ಜೆಫ್ರಿ ಕ್ವಾಡ್ ಎಂಬ ಲಾರಿಗೂ ಯುದ್ಧದಲ್ಲಿ ಹೆಸರು ಬಂತು.

ಎರಕದ ಗೂಡು ಒಡೆಯದಂತೆ ಅಂದಿನ ಹಲವು ತಯಾರಕರು ಹಿಡಿದ ದಾರಿ ಯಾವುದು ಗೊತ್ತೇ? ನಮ್ಮ ಅಜ್ಜಿಯರು ಒಲೆ ಹೂಡುತ್ತಿದ್ದ ದಾರಿಯೇ. ಮೂರು ಗುಂಡುಕಲ್ಲುಗಳ ಮೇಲೆ ಇಟ್ಟ ಮಡಕೆ ನೆಲ ಎಷ್ಟೇ ಡೊಂಕಾಗಿರಲಿ ಅಲುಗಾಡುವುದಿಲ್ಲ. ನಾಲ್ಕು ಕಾಲಿನ ಮಣೆಯಾದರೆ ಒಂದು ಕಾಲಿನ ಕೆಳಗೆ ಚಕ್ಕೆ ತುರುಕಲೇಬೇಕು. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ ಎಂದು ನಿಮ್ಮ ರೇಖಾಗಣಿತ ಹೇಳುವುದೂ ಇದನ್ನೇ. ನಮ್ಮ ದೂರದರ್ಶನದ ಕ್ಯಾಮೆರಾವನ್ನು ಮೂರು ಕಾಲಿನ ಮೇಲೆ ನಿಲ್ಲಿಸುವುದೂ ಈ ಕಾರಣಕ್ಕೇ. ಎಂಜಿನ್ನಿಗೆ ಮುಂದೆ ಎರಡು, ಹಿಂದೆ ಒಂದು, ಅಥವಾ ಮುಂದೆ ಒಂದು, ಹಿಂದೆ ಎರಡು ಹೀಗೆ ಮೂರೇ ಕಡೆ ಆಧಾರ ಕೊಟ್ಟರೆ ಚಾಸಿ ತಿರುಚಿದರೂ ಎಂಜಿನ್ ತಿರುಚಬೇಕಾಗಿಲ್ಲ. ಗೇರ್‌ಬಾಕ್ಸಿನ ಕೆಳಗಿನ ಒಂಟಿ ಮೌಂಟಿಂಗ್ ಈ ಮೂರನೆಯ ಗುಂಡುಕಲ್ಲು.

ತೇಲುವ ಎಂಜಿನ್

ಗೂಡು ಒಡೆಯುವ ಸಮಸ್ಯೆ ಕಡಿಮೆಯಾಯಿತು. ನಡುಕ ಉಳಿಯಿತು. ನಾಲ್ಕು ಸಿಲಿಂಡರಿನ ಎಂಜಿನ್ ಸ್ವಭಾವತಃ ನಡುಗುವಂಥದ್ದು. ಲೆಕ್ಕ ಹಾಕಿ ನೋಡಿ. ನಿಂತಲ್ಲೇ ಓಡುತ್ತಿರುವ ಎಂಜಿನ್ ನಿಮಿಷಕ್ಕೆ 600 ಸುತ್ತು ಸುತ್ತಿದರೆ ಸೆಕೆಂಡಿಗೆ 10 ಸುತ್ತಾಯಿತು. ಪ್ರತಿ ಸುತ್ತಿಗೆ ಎರಡು ಸಿಲಿಂಡರುಗಳಲ್ಲಿ ಇಂಧನ ಉರಿಯುತ್ತದೆ. ಅಂದರೆ ಸೆಕೆಂಡಿಗೆ 20 ಗುದ್ದುಗಳು. ಪ್ರತಿ ಗುದ್ದಿಗೂ ಒಳಗಿನ ದಂಡ ಒಂದು ಕಡೆ ತಿರುಗಿದರೆ ಎಂಜಿನ್ನಿನ ಮೈ ಅದರ ವಿರುದ್ಧ ದಿಕ್ಕಿಗೆ ಹೊರಳಲು ನೋಡುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನಲ್ಲಿ ಇದಕ್ಕೊಂದು ಪರಿಹಾರ ತಂದಿತು. ಅದರ ಹೆಸರು 'ಫ್ಲೋಟಿಂಗ್ ಪವರ್', ಅಂದರೆ ತೇಲುವ ಶಕ್ತಿ. ಎಂಜಿನ್ನನ್ನು ತಡೆದು ನಿಲ್ಲಿಸುವ ಬದಲು ಹೊರಳಲು ಬಿಡೋಣ, ಆದರೆ ಎಲ್ಲಿ ಹೊರಳಬೇಕೆಂಬುದನ್ನು ನಾವು ನಿರ್ಧರಿಸೋಣ ಎಂಬುದು ಆ ಎಂಜಿನಿಯರುಗಳ ಯೋಚನೆ. ಮುಂದುಗಡೆ ಎತ್ತರದಲ್ಲಿ ಒಂದು ರಬ್ಬರ್ ಆಧಾರ, ಹಿಂದುಗಡೆ ಗೇರ್‌ಬಾಕ್ಸಿನ ಬಳಿ ತಗ್ಗಿನಲ್ಲಿ ಇನ್ನೊಂದು. ಇವೆರಡನ್ನೂ ಸೇರಿಸುವ ಓರೆಗೆರೆ ಎಂಜಿನ್ನಿನ ಗುರುತ್ವ ಕೇಂದ್ರದ ಮೂಲಕ ಹಾದುಹೋಗುತ್ತದೆ. ತನ್ನ ಭಾರದ ನಡುಗೆರೆಯ ಸುತ್ತಲೇ ಹೊರಳುವ ವಸ್ತು ಆಧಾರವನ್ನು ಹೆಚ್ಚು ಎಳೆದಾಡುವುದಿಲ್ಲ. ನಾಲ್ಕು ಸಿಲಿಂಡರಿನ ಕಾರು ಎಂಟು ಸಿಲಿಂಡರಿನ ಕಾರಿನಂತೆ ನಯವಾಗಿ ಓಡುತ್ತದೆ ಎಂಬ ಅರ್ಥದಲ್ಲಿ ಕಂಪನಿ ಜಾಹೀರಾತು ಮಾಡಿತು. ಮರುವರ್ಷ, 1932ರಲ್ಲಿ, ಫ್ರಾನ್ಸಿನ ಸಿತ್ರೋಯೆನ್ ಕಂಪನಿ ಈ ವಿಧಾನದ ಹಕ್ಕು ಪಡೆದು, ತನ್ನ ಕಾರುಗಳಿಗೆ ಈಜುವ ಹಂಸದ ಚಿತ್ರವನ್ನೇ ಲಾಂಛನವಾಗಿ ಹಚ್ಚಿತು.

ರಬ್ಬರು ನಡುಕವನ್ನು ಹೇಗೆ ತಡೆಯುತ್ತದೆ? ಉಯ್ಯಾಲೆಯನ್ನು ನೆನೆಯಿರಿ. ಪ್ರತಿ ಉಯ್ಯಾಲೆಗೂ ತನ್ನದೇ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಅದು ಮುಗಿಲಿಗೇರುತ್ತದೆ. ಅದಕ್ಕಿಂತ ಬಹಳ ವೇಗವಾಗಿ ಪಟಪಟನೆ ತಟ್ಟುತ್ತಿದ್ದರೆ ಉಯ್ಯಾಲೆ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಮೆತ್ತನೆಯ ರಬ್ಬರಿನ ಮೇಲೆ ಕೂತ ಎಂಜಿನ್ ನಿಧಾನ ಲಯದ ಉಯ್ಯಾಲೆಯಿದ್ದಂತೆ. ಗುದ್ದಿನ ವೇಗ ಆ ಲಯದ ಸುಮಾರು 1.4 ಪಟ್ಟು, ಸರಿಯಾಗಿ ಹೇಳುವುದಾದರೆ ಎರಡರ ವರ್ಗಮೂಲದಷ್ಟು, ದಾಟಿದ ಮೇಲೆಯೇ ಚಾಸಿಗೆ ತಲುಪುವ ನಡುಕ ಇಳಿಯತೊಡಗುತ್ತದೆ. ಸೆಕೆಂಡಿಗೆ 20 ಗುದ್ದುಗಳಿದ್ದರೆ ಮೌಂಟಿಂಗಿನ ಮೇಲಿನ ಎಂಜಿನ್ನಿನ ಲಯ 14ಕ್ಕಿಂತ ಕಡಿಮೆ ಇರಲೇಬೇಕು. ಈ ಅಂಕೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗಂಧಕ ಮತ್ತು ಹಿತ್ತಾಳೆ

ಮರದಿಂದ ಇಳಿದ ರಬ್ಬರು ಹಾಗೇ ಕೆಲಸಕ್ಕೆ ಬರುವುದಿಲ್ಲ. ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿದ ರಬ್ಬರು ಈ ಎರಡು ದೋಷಗಳನ್ನೂ ಬಿಡುತ್ತದೆಂದು ಕಂಡುಕೊಂಡ. 1844ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಉದ್ದುದ್ದ ಎಳೆಗಳಂಥ ರಬ್ಬರಿನ ಅಣುಗಳ ನಡುವೆ ಗಂಧಕ ಅಲ್ಲಲ್ಲಿ ಗಂಟು ಹಾಕುತ್ತದೆ. ಆದ್ದರಿಂದ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನ ಆಕಾರಕ್ಕೇ ಬರುತ್ತದೆ. ಜಗತ್ತಿಗೆ ಇಷ್ಟು ದೊಡ್ಡ ಉಪಕಾರ ಮಾಡಿದ ಆತ 1860ರಲ್ಲಿ ಸಾಲಗಾರನಾಗಿಯೇ ಸತ್ತ.

ಮೌಂಟಿಂಗಿಗೆ ರಬ್ಬರೊಂದೇ ಸಾಲದು. ಕೆಳಗೊಂದು, ಮೇಲೊಂದು ಉಕ್ಕಿನ ತಗಡು ಬೇಕು. ಬೋಲ್ಟು ಹಿಡಿಯುವುದು ಆ ತಗಡಿಗೆ. ರಬ್ಬರು ಎರಡಕ್ಕೂ ಬಿಡಿಸಲಾಗದಂತೆ ಕಚ್ಚಿಕೊಳ್ಳಬೇಕು. ಸಾಮಾನ್ಯ ಅಂಟುಗಳಿಗೆ ಇದು ಆಗದ ಕೆಲಸವಾಗಿತ್ತು. ಉಕ್ಕಿಗೆ ಹಿತ್ತಾಳೆಯ ತೆಳು ಲೇಪ ಕೊಟ್ಟರೆ, ರಬ್ಬರಿನೊಳಗಿನ ಗಂಧಕ ಹಿತ್ತಾಳೆಯ ತಾಮ್ರದೊಂದಿಗೆ ಸೇರಿಕೊಂಡು ಎರಡನ್ನೂ ಬೆಸೆಯುತ್ತದೆ ಎಂಬ ತಿಳಿವಳಿಕೆ ಈ ಉದ್ಯಮದ ಬಾಗಿಲು ತೆರೆಯಿತು. ಅಮೆರಿಕದ ಈರೀ ಪಟ್ಟಣದ ಪೇಟೆಂಟ್ ವಕೀಲ ಹ್ಯೂ ಲಾರ್ಡ್ ರಬ್ಬರು-ಲೋಹ ಬೆಸೆಯುವ ಕೆಲಸಕ್ಕಾಗಿಯೇ 1924ರಲ್ಲಿ ಕಂಪನಿ ಕಟ್ಟಿದ. ಹಿತ್ತಾಳೆ ಲೇಪದ ಜಾಗಕ್ಕೆ ನಂತರದ ದಶಕಗಳಲ್ಲಿ ವಿಶೇಷ ರಾಸಾಯನಿಕ ಅಂಟುಗಳು ಬಂದವು.

ಹೀಗೆ ಮೌಂಟಿಂಗ್ ಎರಡು ವಿರುದ್ಧ ಗುಣಗಳನ್ನು ಒಟ್ಟಿಗೆ ಹೊತ್ತಿದೆ. ನಡುಕ ನುಂಗುವಷ್ಟು ಮೆತ್ತಗಿರಬೇಕು. ಭಾರ ಹೊತ್ತು ಹೊರಳುವಿಕೆಗೆ ಮಿತಿ ಹಾಕುವಷ್ಟು ಗಟ್ಟಿಯೂ ಇರಬೇಕು.

ಯುದ್ಧಕ್ಕೆ ಹೊರಟ ಜೀಪು

1940ರ ಜುಲೈನಲ್ಲಿ ಅಮೆರಿಕದ ಸೇನೆ ನಾಲ್ಕು ಚಕ್ರ ಚಾಲನೆಯ ಪುಟ್ಟ ವಾಹನವೊಂದು ಬೇಕೆಂದು 135 ಕಂಪನಿಗಳಿಗೆ ಪತ್ರ ಬರೆಯಿತು. ಮೊದಲ ಮಾದರಿಗೆ ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ ನೆರವಿನಿಂದ ಸೆಪ್ಟೆಂಬರ್ 23ರಂದು ಅದನ್ನು ಸೇನೆಯ ಅಂಗಳಕ್ಕೆ ತಂದು ನಿಲ್ಲಿಸಿತು. ದೊಡ್ಡ ಗುತ್ತಿಗೆ ಮಾತ್ರ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಇವೆರಡೂ ಸೇರಿ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು.

ಇಲ್ಲಿ ಒಂದು ಲೆಕ್ಕ ಮಾಡೋಣ. ವಿಲ್ಲೀಸ್ ಜೀಪಿನ 60 ಅಶ್ವಶಕ್ತಿಯ ಎಂಜಿನ್ನಿನ ಗರಿಷ್ಠ ತಿರುಚುಬಲ ಸುಮಾರು 142 ನ್ಯೂಟನ್ ಮೀಟರ್. ಮೊದಲ ಗೇರು ಅದನ್ನು ಸುಮಾರು 2.67 ಪಟ್ಟು ಹೆಚ್ಚಿಸುತ್ತದೆ. ಟ್ರಾನ್ಸ್‌ಫರ್ ಕೇಸಿನ ಲೋ ಗೇರು ಮತ್ತೆ 1.97 ಪಟ್ಟು. ಮೂರನ್ನೂ ಗುಣಿಸಿದರೆ ಸುಮಾರು 750 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಸನಿಕೆಯ ತುದಿಗೆ 76 ಕಿಲೊ ತೂಗಿನ ಆಳೊಬ್ಬ ಜೋತುಬಿದ್ದ ಹಾಗೆ! ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮೂರೂ ಒಂದಕ್ಕೊಂದು ಬಿಗಿದು ಒಂದೇ ಮೈ ಆಗಿರುವುದರಿಂದ, ಈ ಬಲದ ಪ್ರತಿಬಲವನ್ನೆಲ್ಲ ತಡೆಯಬೇಕಾದವು ಆ ಮೂರು ಮೌಂಟಿಂಗುಗಳೇ. ಲೋ ಗೇರಿನಲ್ಲಿ ಘಟ್ಟ ಹತ್ತುವ, ಕೆಸರಿನಿಂದ ಏಳುವ ವಾಹನದ ಮೌಂಟಿಂಗ್ ಬೇಗ ಹರಿಯುವುದು ಏಕೆಂದು ಈಗ ಗೊತ್ತಾಯಿತಲ್ಲ.

ಇದೇ ವೇಳೆ ರಬ್ಬರಿಗೇ ಬರ ಬಂತು. 1942ರ ಮೊದಲ ತಿಂಗಳುಗಳಲ್ಲಿ ಮಲಯ ಮತ್ತು ಡಚ್ ಈಸ್ಟ್ ಇಂಡೀಸ್ ಜಪಾನಿನ ವಶವಾದವು. ಅಮೆರಿಕಕ್ಕೆ ಬರುತ್ತಿದ್ದ ಸ್ವಾಭಾವಿಕ ರಬ್ಬರಿನ ಸುಮಾರು ಶೇಕಡಾ 90ರಷ್ಟು ನಿಂತುಹೋಯಿತು. ಸರ್ಕಾರ, ಕಂಪನಿಗಳು, ವಿಶ್ವವಿದ್ಯಾಲಯಗಳು ಸೇರಿ ಕೃತಕ ರಬ್ಬರಿನ ಕಾರ್ಖಾನೆಗಳನ್ನು ಎಬ್ಬಿಸಿದವು. 1941ರ ಇಡೀ ವರ್ಷದಲ್ಲಿ ಸಾಮಾನ್ಯ ಬಳಕೆಯ ಕೃತಕ ರಬ್ಬರು ತಯಾರಾದದ್ದು 231 ಟನ್. 1945ರಲ್ಲಿ ಅದು ತಿಂಗಳಿಗೆ 70,000 ಟನ್ ಮುಟ್ಟಿತು.

ಮುಂಬಯಿ, ಮಲೆನಾಡು, ಸುಳ್ಯ

1947ರಲ್ಲಿ ಮುಂಬಯಿಯ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿ ಜೋಡಿಸತೊಡಗಿತು. ಮುಂದಿನ ದಶಕದಲ್ಲಿ ಇಲ್ಲಿಯೇ ತಯಾರಿಕೆ ಶುರುವಾಯಿತು. ಚುನಾವಣೆಯ ಪ್ರಚಾರಕ್ಕೆ, ಪೊಲೀಸರಿಗೆ, ಅರಣ್ಯ ಇಲಾಖೆಗೆ, ಚಿಕ್ಕಮಗಳೂರು ಕೊಡಗುಗಳ ಕಾಫಿ ತೋಟಗಳಿಗೆ ಈ ಜೀಪು ಹೊಂದಿಕೊಂಡಷ್ಟು ಬೇರೆ ವಾಹನ ಹೊಂದಲಿಲ್ಲ. ಮುಂದೆ ಡೀಸೆಲ್ ಎಂಜಿನ್ನಿನ ಜೀಪುಗಳು ಬಂದವು. ಡೀಸೆಲ್ಲಿನಲ್ಲಿ ಗಾಳಿಯನ್ನು ಪೆಟ್ರೋಲ್ ಎಂಜಿನ್ನಿನ ಎರಡು ಪಟ್ಟಿಗೂ ಹೆಚ್ಚು ಅದುಮುತ್ತಾರೆ. ಗುದ್ದೂ ಅಷ್ಟೇ ಜೋರು. ಮೌಂಟಿಂಗಿನ ಕಷ್ಟ ಇನ್ನೂ ಹೆಚ್ಚಿತು.

ಆ ತುಂಡಿನೊಳಗಿನ ರಬ್ಬರಿನ ಪಯಣವನ್ನೂ ಕೇಳಿ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲ ಬ್ರೆಜಿಲಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಕೆಲವು ಸಾವಿರ ಮಾತ್ರ. ಆ ಸಸಿಗಳಲ್ಲಿ ಹೆಚ್ಚಿನವು ಸಿಲೋನಿಗೆ ಹೋದವು. 1902ರಲ್ಲಿ ಕೇರಳದ ತಟ್ಟೇಕಾಡಿನಲ್ಲಿ ಭಾರತದ ಮೊದಲ ವಾಣಿಜ್ಯ ರಬ್ಬರ್ ತೋಟ ಎದ್ದಿತು. ಮುಂದೆ ನಮ್ಮ ದಕ್ಷಿಣ ಕನ್ನಡಕ್ಕೂ ರಬ್ಬರು ಬಂತು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ, ಸಿಲೋನಿನ ತೋಟಗಳಲ್ಲಿ ತಲೆಮಾರುಗಳಿಂದ ದುಡಿದಿದ್ದ ತಮಿಳು ಕುಟುಂಬಗಳು ಭಾರತಕ್ಕೆ ಮರಳಬೇಕಾಯಿತು. ಅವರಲ್ಲಿ ಹಲವರಿಗೆ ಸುಳ್ಯ, ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಕಲ್ಪಿಸಲಾಯಿತು. ನಸುಕಿನಲ್ಲಿ ಎದ್ದು ತೊಗಟೆ ಕೊಯ್ದು ಹಾಲು ಇಳಿಸುವ ಅವರ ಕೈಗಳು ಈ ಇತಿಹಾಸದ ಭಾಗವೇ. ಗುಡ್‌ಇಯರನ ಹೆಸರು ಪುಸ್ತಕದಲ್ಲಿದೆ. ಈ ಹೆಸರುಗಳು ಹಾಜರಿ ಪಟ್ಟಿಯಲ್ಲಿ ಮಾತ್ರ ಉಳಿಯುತ್ತವೆ.

ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದು

ರಬ್ಬರಿಗೂ ಮುಪ್ಪಿದೆ. ಗಾಳಿಯ ಆಮ್ಲಜನಕ ಮತ್ತು ಓಝೋನ್ ಅದನ್ನು ಬಿರುಕುಗೊಳಿಸುತ್ತವೆ, ಶಾಖ ಸೆಟೆಸುತ್ತದೆ, ಸೋರಿದ ಎಂಜಿನ್ ಎಣ್ಣೆ ಉಬ್ಬಿಸಿ ಮೆದುವಾಗಿಸುತ್ತದೆ. ಕೊನೆಗೆ ರಬ್ಬರು ತಗಡಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಕ್ಲಚ್ ಬಿಟ್ಟೊಡನೆ ಕೆಳಗಿನಿಂದ 'ಧಡ್' ಎನ್ನುವ ಸದ್ದು ಕೇಳುತ್ತದೆ. ಗೇರ್ ಕಡ್ಡಿ ನೆಲದ ತೂತಿನ ಅಂಚಿಗೆ ಬಡಿಯುತ್ತದೆ. ಕ್ಲಚ್ಚಿನ ಸಲಾಕೆಗಳ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ತುದಿ ಗೇರ್‌ಬಾಕ್ಸಿನ ಕಡೆ ಇರುವ ಜೀಪುಗಳಲ್ಲಿ ಗೇರ್‌ಬಾಕ್ಸ್ ಸರಿದಾಡಿದಷ್ಟೂ ಕ್ಲಚ್ ತಾನಾಗಿ ಹಿಡಿದು ಬಿಡುತ್ತದೆ. ವಾಹನ ಕುಪ್ಪಳಿಸುತ್ತ ಹೊರಡುತ್ತದೆ.

ಇದನ್ನು ಬದಲಿಸುವಾಗ ಮೊದಲ ಮಾತು ಸುರಕ್ಷತೆಯದು. ವಿಲ್ಲೀಸ್ ವಂಶದ ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಡ್ರಮ್ಮಿನ ಮೂಲಕ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಎತ್ತಿದರೆ ಡಿಫರೆನ್ಷಿಯಲ್ ಅದನ್ನು ಸುತ್ತಲು ಬಿಡುತ್ತದೆ. ನೆಲದಲ್ಲಿರುವ ಚಕ್ರವೂ ಉರುಳಬಹುದು. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲ ಬೇಕು, ಚಕ್ರಗಳ ಹಿಂದೆ ಮುಂದೆ ಅಡ್ಡಗಟ್ಟೆ ಬೇಕು. ಬರೀ ಜಾಕಿಯ ಭರವಸೆಯಲ್ಲಿ ವಾಹನದ ಕೆಳಗೆ ಯಾರೂ ಮಲಗಬಾರದು. ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಡಲೇಬೇಕು. ಬ್ಯಾಟರಿಯ ತಂತಿಯನ್ನೂ ಕಳಚಿಡಬೇಕು. ಇದು ಅನುಭವಿ ಮೆಕ್ಯಾನಿಕ್ ಜೊತೆಗಿದ್ದಾಗ ಕಲಿಯುವ ಕೆಲಸ.

ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿಟ್ಟರೆ ಒಳ್ಳೆಯದು. ಆದರೆ ಹೊಸ ರಬ್ಬರಿಗೆ ಎಣ್ಣೆ ತಾಗದಂತೆ ಆಮೇಲೆ ಒರೆಸಬೇಕು. ಗೇರ್‌ಬಾಕ್ಸಿನ ಕೆಳಗೆ ಇನ್ನೊಂದು ಜಾಕಿಯನ್ನು ದಪ್ಪ ಹಲಗೆಯಿಟ್ಟು ನಿಲ್ಲಿಸುತ್ತಾರೆ. ಹಲಗೆ ಭಾರವನ್ನು ಹಂಚುತ್ತದೆ. ಇಲ್ಲದಿದ್ದರೆ ಜಾಕಿಯ ತಲೆ ಎರಕವನ್ನು ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಭಾರ ಜಾಕಿಗೆ ಬಂದ ಮೇಲೆ ಮೌಂಟಿಂಗಿನ ನಟ್ಟುಗಳನ್ನು ಬಿಚ್ಚಿ, ಹಳೆಯ ತುಂಡು ಜಾರಿ ಬರುವಷ್ಟು ಮಾತ್ರ ಎತ್ತಬೇಕು. ಹಿಂದೆ ಎತ್ತಿದಷ್ಟೂ ಎಂಜಿನ್ ಮುಂದಕ್ಕೆ ಬಾಗುತ್ತದೆ. ಫ್ಯಾನು ರೇಡಿಯೇಟರಿಗೆ ತಗಲುತ್ತದೆಯೇ ಎಂದು ಒಬ್ಬರು ಮುಂದೆ ನಿಂತು ನೋಡುತ್ತಿರಬೇಕು.

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಎತ್ತರ, ತೂತುಗಳ ಅಂತರ ಹೋಲಿಸಬೇಕು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ರಬ್ಬರಿಗೂ ಮುಪ್ಪು ಬಂದಿರುತ್ತದೆ. ಬಾಗಿಸಿದರೆ ಕೂದಲೆಳೆಯ ಬಿರುಕು ಕಂಡರೆ ಅದು ಬೇಡ. ಹೊಸ ತುಂಡನ್ನಿಟ್ಟು ಬೋಲ್ಟುಗಳನ್ನೆಲ್ಲ ಕೈಯಿಂದಲೇ ಹಾಕಿ, ಜಾಕಿ ಇಳಿಸಿ, ಗೇರ್‌ಬಾಕ್ಸಿನ ಭಾರ ಪೂರ್ತಿ ರಬ್ಬರಿನ ಮೇಲೆ ಕೂತ ಬಳಿಕವೇ ಸ್ಪ್ಯಾನರಿನಿಂದ ಬಿಗಿಯಬೇಕು. ಮೊದಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಬದುಕು ಆರಂಭಿಸುತ್ತದೆ, ಬೇಗ ಹರಿಯುತ್ತದೆ. ಕೊನೆಯಲ್ಲಿ ಕ್ಲಚ್ ಪೆಡಲಿನ ಆಟ, ಗೇರ್ ಕಡ್ಡಿಯ ಓಡಾಟ, ಹ್ಯಾಂಡ್‌ಬ್ರೇಕ್, ಸೈಲೆನ್ಸರ್ ಕೊಳವೆ ಎಲ್ಲಿಯಾದರೂ ತಗಲುತ್ತದೆಯೇ ಎಂಬುದನ್ನು ನೋಡಬೇಕು. ಮುಂದಿನ ಎರಡು ಮೌಂಟಿಂಗುಗಳನ್ನೂ ಪರೀಕ್ಷಿಸಬೇಕು. ಮೂರು ಗುಂಡುಗಳಲ್ಲಿ ಒಂದು ಕುಸಿದಿದ್ದಾಗ ಉಳಿದ ಎರಡೂ ನರಳಿರುತ್ತವೆ.

'ಸದ್ಯಕ್ಕೆ ನಡೆಯುತ್ತೆ'

ಬಿಡಿಭಾಗ ಸಿಗದಿದ್ದಾಗ ಮರದ ತುಂಡನ್ನೋ ಕಬ್ಬಿಣದ ಪಟ್ಟಿಯನ್ನೋ ಹಳೆಯ ಟಯರಿನ ಚೂರನ್ನೋ ಅಲ್ಲಿ ತುರುಕುವುದುಂಟು. ಕಾಡಿನ ನಡುವೆ ನಿಂತ ಜೀಪನ್ನು ಊರು ಮುಟ್ಟಿಸಲು ಇಂಥ ಜಾಣತನ ಬೇಕೇ ಬೇಕು, ಅದನ್ನು ಹೀಗಳೆಯುವಂತಿಲ್ಲ. ಅದೇ ಖಾಯಂ ಆದರೆ ಏನಾಗುತ್ತದೆಂದು ಈಗ ನೀವೇ ಹೇಳಬಲ್ಲಿರಿ. ಮರ, ಕಬ್ಬಿಣಗಳು ಗಟ್ಟಿ. ಎಂಜಿನ್ನಿನ ಲಯ ಆ 14ರ ಗೆರೆಯನ್ನು ದಾಟಿ ಮೇಲೇರುತ್ತದೆ. ನಡುಕ ನೇರ ಚಾಸಿಗೆ ಇಳಿಯುತ್ತದೆ. ಚಾಸಿಯ ತಿರುಚು ಎರಕದ ಗೂಡಿಗೆ ಹಿಂದಿರುಗುತ್ತದೆ. ಟಯರಿನ ಚೂರು ಮೆತ್ತಗಿದ್ದರೂ ತಗಡಿಗೆ ಬೆಸೆದುಕೊಂಡಿಲ್ಲ. ಲೋ ಗೇರಿನ ಸೆಳೆತಕ್ಕೆ ಜಾರುತ್ತದೆ. ಅಂದರೆ ನೂರು ವರ್ಷಗಳ ಹಿಂದೆ ಬಿಡಿಸಿದ ಗಂಟುಗಳನ್ನು ಒಂದೊಂದಾಗಿ ನಾವೇ ಮತ್ತೆ ಹಾಕಿಕೊಂಡಂತೆ.

ಹಳೆಯ ವಾಹನಗಳು ನಮ್ಮಲ್ಲಿ ಇಂದಿಗೂ ಓಡುತ್ತಿದ್ದರೆ ಅದಕ್ಕೆ ಕಾರಣ ಅವನ್ನು ರಿಪೇರಿ ಮಾಡಬಲ್ಲ ಕೈಗಳು. ಆ ಕೈಗಳ ಜಾಣತನಕ್ಕೆ ಕಾರಣಗಳ ತಿಳಿವಳಿಕೆಯೂ ಸೇರಿದರೆ ರಿಪೇರಿ ವಿಜ್ಞಾನವಾಗುತ್ತದೆ. ನಿಮ್ಮೂರಿನ ಗ್ಯಾರೇಜಿನಲ್ಲಿ ಬಿಸಾಡಿದ ಮೌಂಟಿಂಗೊಂದು ಸಿಕ್ಕರೆ ಕೇಳಿ ತನ್ನಿ. ಅದು ಎಲ್ಲಿ ಹರಿದಿದೆ ನೋಡಿ: ರಬ್ಬರಿನ ನಡುವೆಯೋ, ತಗಡು ಮತ್ತು ರಬ್ಬರು ಸೇರುವ ಗೆರೆಯಲ್ಲೋ? ಮೊದಲನೆಯದಾದರೆ ರಬ್ಬರಿನ ಮೈಯೇ ಸೋತಿದೆ. ಎರಡನೆಯದಾದರೆ ಬೆಸುಗೆ ಬಿಟ್ಟಿದೆ. ಎಣ್ಣೆಯ ಜಿಡ್ಡಿದೆಯೇ, ಒಂದು ಬದಿ ಮಾತ್ರ ಸವೆದಿದೆಯೇ ಎಂಬುದನ್ನೂ ಗಮನಿಸಿ, ನಿಮ್ಮ ಭೌತಶಾಸ್ತ್ರದ ಮೇಷ್ಟರಿಗೆ ತೋರಿಸಿ.